ಎರೆ ಹೊಲದ ತೊಗರಿ: ಸೆನ್ಸರ್‌ನಲ್ಲಿ ಶೇ 31 ಬಂದರೆ ನೀರು ಬಿಡಬೇಕೇ?

ಪ್ರಶ್ನೆ (ಜೇವರ್ಗಿ ತಾಲ್ಲೂಕು)

ರೈತ ಬಂಧುಗಳಿಗೆ ನಮಸ್ಕಾರ. ನಮ್ಮದು ಆಳವಾದ ಎರೆ (ಕಪ್ಪು ಜೇಡಿ ಮಣ್ಣಿನ) ಭೂಮಿ. ಐದು ಎಕರೆ ತೊಗರಿಗೆ ಡ್ರಿಪ್ ಇದ್ದು, ಒಂದು ಅಡಿ ಆಳದಲ್ಲಿ ತೇವಾಂಶ ಅಳೆಯುವ ಸೆನ್ಸರ್ ಹೂಳಿದ್ದೇವೆ. ಮೊಬೈಲಿನಲ್ಲಿ ಈಗ ಶೇ 31 ಎಂದು ಕಾಣುತ್ತಿದೆ. ಶೇ 25ಕ್ಕಿಂತ ಕೆಳಗಿಳಿದಾಗ ಮಾತ್ರ ನೀರು ಬಿಡಬೇಕೆಂದು ಮಾರಿದವರು ಬರೆದುಕೊಟ್ಟಿದ್ದಾರೆ. ಆದರೆ ಮೊಗ್ಗು ಕಾಣಿಸಿಕೊಂಡಿದೆ, ನೆಲವೂ ಬಿರಿಯತೊಡಗಿದೆ. ಇನ್ನೊಂದು ಮಾತು: ಮಳೆ ಜೋರಾಗಿದ್ದಾಗ ತಗ್ಗಿನ ಕಡೆಯ ಗಿಡಗಳು ಹಳದಿಯಾಗಿ ಒಣಗಿದವು. ನೀರು ನಿಂತದ್ದನ್ನು ಮೊದಲೇ ತಿಳಿಯಲು ಇದೇ ಸೆನ್ಸರ್ ಸಾಕೇ?

ಉತ್ತರ 1 (ಕಲಬುರಗಿ, ಮಣ್ಣು ಪರೀಕ್ಷೆಯ ಕೆಲಸದಲ್ಲಿರುವವರು)

ಶೇ 31 ಎಂಬ ಅಂಕಿಗೆ ಮಣ್ಣನ್ನು ಬಿಟ್ಟು ಅರ್ಥವಿಲ್ಲ. ಮರಳು ಮಿಶ್ರಿತ ಕೆಂಪು ಮಣ್ಣಿನಲ್ಲಿ ಅಷ್ಟಿದ್ದರೆ ನೀರು ಹೆಚ್ಚಾಗಿದೆ ಎಂದರ್ಥ. ಎರೆಯಲ್ಲಿ ಸುಮಾರು ಶೇ 35ರಿಂದ 45ರವರೆಗೆ ನೀರು ಹಿಡಿದು ನಿಲ್ಲುತ್ತದೆ, ಆದರೆ ಶೇ 20ರಿಂದ 25ರ ಹೊತ್ತಿಗೆ ಉಳಿದ ನೀರನ್ನು ಜೇಡಿ ಮಣ್ಣು ಬಿಗಿಯಾಗಿ ಹಿಡಿದುಕೊಂಡು ಬೇರಿಗೆ ಬಿಟ್ಟುಕೊಡುವುದಿಲ್ಲ. ಹಾಗಾಗಿ ಶೇ 25ರವರೆಗೆ ಕಾಯುವುದೆಂದರೆ ಗಿಡ ಬಾಡುವವರೆಗೆ ಕಾದಂತೆ. ಚೆನ್ನಾಗಿ ನೆನೆದ ನೆಲ ಮೂರು ನಾಲ್ಕು ದಿನ ಬಸಿದ ಮೇಲೆ ಬರುವ ಅಂಕಿಯನ್ನು ಮೇಲಿನ ಮಿತಿಯೆಂದೂ, ಕೊಯ್ಲಿನ ಹೊತ್ತಿಗೆ ಬೆಳೆ ಹೀರಿ ಮುಗಿಸಿದಾಗಿನ ಅಂಕಿಯನ್ನು ಕೆಳಗಿನ ಮಿತಿಯೆಂದೂ ಬರೆದಿಟ್ಟುಕೊಳ್ಳಿ; ಇವೆರಡರ ನಡುಮಧ್ಯಕ್ಕೆ ಇಳಿಯುವ ಮುನ್ನವೇ ನೀರು ಕೊಡಬೇಕು. ನಿಮ್ಮ ಶೇ 31 ಹೆಚ್ಚುಕಡಿಮೆ ಅಲ್ಲೇ ಇದೆ.

ಆದರೂ ಒಂದು ಅಡಿಯ ಲೆಕ್ಕವನ್ನಷ್ಟೇ ನಂಬಬೇಡಿ, ತೊಗರಿಯ ಬೇರು ಆಳಕ್ಕಿಳಿಯುತ್ತದೆ. ಎರಡು ಅಡಿಯ ಮಣ್ಣನ್ನು ಬೈರಿಗೆಯಿಂದ ತೆಗೆದು ಅಂಗೈಯಲ್ಲಿ ಹಿಸುಕಿ ನೋಡಿ: ಉಂಡೆಯಾಗಿ, ಹೆಬ್ಬೆರಳಿನಿಂದ ಒತ್ತಿದರೆ ಉದ್ದನೆಯ ಪಟ್ಟಿಯಾಗಿ ಹೊರಬಂದರೆ ಕೆಳಗೆ ಹಸಿಯಿದೆ, ಇನ್ನೂ ಕೆಲವು ದಿನ ತಡೆಯಬಹುದು, ಗಟ್ಟಿ ಹೆಂಟೆಯಾಗಿ ಮುರಿದರೆ ತಡಮಾಡದೆ ನೀರು ಬಿಡಿ. ಹೂವು ತುಂಬಿ ನಿಂತಾಗ ಮಾತ್ರ ಅತಿಯಾಗಿ ಕೊಡಬೇಡಿ, ಗಿಡ ಮತ್ತೆ ಚಿಗುರಿಗೆ ತಿರುಗುತ್ತದೆ. ಬಿರುಕಿನ ಅಂಚಿಗೆ ಸೆನ್ಸರ್ ಬಂದಿದ್ದರೆ ಅದು ಮಣ್ಣನ್ನು ಬಿಟ್ಟು ಗಾಳಿಯನ್ನು ಅಳೆಯುತ್ತದೆ. ಎಡೆಕುಂಟೆ (ಸಾಲುಗಳ ನಡುವೆ ಎಳೆಯುವ ಕುಂಟೆ) ಹೊಡೆದು ಬಿರುಕು ಮುಚ್ಚಿದರೆ ಹಸಿಯೂ ಉಳಿಯುತ್ತದೆ.

ಉತ್ತರ 2 (ಶಹಾಪುರ, ಯಾದಗಿರಿ)

ಮೇಲಿನವರ ಮಾತಿಗೆ ಒಂದು ಸೇರಿಸುತ್ತೇನೆ. ನಮ್ಮಲ್ಲಿ ನಾರಾಯಣಪುರ ಎಡದಂಡೆ ಕಾಲುವೆಯ ನೀರು ಬಂದ ಮೇಲೆ ಕೆಲವು ಹೊಲಗಳು ಸವಳು (ಉಪ್ಪೇರಿದ ನೆಲ), ಜವಳು (ನೀರು ನಿಂತ ನೆಲ) ಆಗಿವೆ. ಉಪ್ಪು ಹೆಚ್ಚಿರುವ ಮಣ್ಣಿನಲ್ಲಿ ಇಂಥ ಅನೇಕ ಸೆನ್ಸರ್‌ಗಳು ಇದ್ದುದಕ್ಕಿಂತ ಹೆಚ್ಚು ಹಸಿ ತೋರಿಸುತ್ತವೆ, ಹಾಗಾಗಿ ಮೊದಲು ಮಣ್ಣಿನ ಲವಣಾಂಶ ಪರೀಕ್ಷಿಸಿ. ನೀರು ನಿಲ್ಲುವುದನ್ನು ತಿಳಿಯಲು ನಾವು ಸೆನ್ಸರ್ ಇಟ್ಟಿಲ್ಲ. ನಾಲ್ಕು ಅಡಿ ಪಿವಿಸಿ ಪೈಪಿಗೆ ಕೆಳಭಾಗದಲ್ಲಿ ತೂತು ಕೊರೆದು, ಬಟ್ಟೆ ಸುತ್ತಿ, ತಗ್ಗಿನಲ್ಲಿ ನೆಟ್ಟಿದ್ದೇವೆ. ಕೋಲು ಇಳಿಬಿಟ್ಟು ಎಷ್ಟು ನೆನೆದಿದೆ ಎಂದು ನೋಡುತ್ತೇವೆ. ಮಳೆ ನಿಂತು ಎರಡು ದಿನವಾದರೂ ನೀರು ನೆಲಮಟ್ಟದಿಂದ ಒಂದು ಅಡಿಯೊಳಗೇ ಇದ್ದರೆ ಬಸಿಗಾಲುವೆ ತೆಗೆಯಲೇಬೇಕು.

ಉತ್ತರ 3 (ಬೀದರ್)

ನಮ್ಮ ಕೆಂಪು ಜಂಬಿಟ್ಟಿಗೆ ಮಣ್ಣಿಗೆ ಟೆನ್ಸಿಯೋಮೀಟರ್ (ಮಣ್ಣು ನೀರನ್ನು ಎಷ್ಟು ಬಿಗಿಯಾಗಿ ಹಿಡಿದಿದೆ ಎಂದು ಅಳೆಯುವ ಸಾಧನ) ಒಗ್ಗುತ್ತದೆ. ಅದು ಸುಮಾರು 80 ಸೆಂಟಿಬಾರ್‌ ಬಿಗಿತದವರೆಗೆ ಮಾತ್ರ ಅಳೆಯುವುದರಿಂದಲೂ, ಮಣ್ಣು ಕುಗ್ಗಿದಾಗ ಅದರ ಪಿಂಗಾಣಿ ತುದಿ ಹಿಡಿತ ಕಳೆದುಕೊಳ್ಳುವುದರಿಂದಲೂ ಎರೆ ಹೊಲದವರು ಅದಕ್ಕೆ ದುಡ್ಡು ಹಾಕದಿರುವುದು ಒಳ್ಳೆಯದು.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಧನ್ಯವಾದ. ಎರಡು ಅಡಿಯ ಮಣ್ಣು ಹೆಂಟೆಯಾಗಿ ಮುರಿಯಿತು, ಇಂದು ರಾತ್ರಿ ಡ್ರಿಪ್ ಬಿಡುತ್ತೇವೆ. ತಗ್ಗಿನ ಗಿಡಗಳು ಸತ್ತದ್ದು ನೀರಿನಿಂದಲೋ, ನೆಟೆ ರೋಗದಿಂದಲೋ (ಶಿಲೀಂಧ್ರದಿಂದ ಗಿಡ ಬಾಡುವ ರೋಗ)?

ಉತ್ತರ 1 ಬರೆದವರು

ಒಣಗಿದ ಗಿಡದ ಕಾಂಡವನ್ನು ಬುಡದಿಂದ ಉದ್ದಕ್ಕೆ ಸೀಳಿ ನೋಡಿ. ತೊಗಟೆಯ ಕೆಳಗೆ ಕಪ್ಪು ಗೆರೆಗಳಿದ್ದರೆ ನೆಟೆ ರೋಗ. ಅಲ್ಲಿ ಮುಂದಿನ ಸಲ ತೊಗರಿ ಬಿಟ್ಟು ಜೋಳ ಹಾಕಿ. ಗೆರೆಯಿಲ್ಲದೆ ಬೇರು ಕೊಳೆತಿದ್ದರೆ ನೀರಿನದೇ ಕಾಟ. ಹಾಗಾದರೆ ಕೆಳಬದುವಿಗೆ ಬಸಿಗಾಲುವೆ ತೆಗೆದು, ಪಟಾನ್‌ಚೆರುವಿನ ಇಕ್ರಿಸ್ಯಾಟ್ ಕೃಷಿ ಸಂಶೋಧನಾ ಸಂಸ್ಥೆ ಎರೆ ಭೂಮಿಗೆಂದೇ ರೂಪಿಸಿದ ಅಗಲ ಮಡಿ, ಸಾಲು ಪದ್ಧತಿಯಲ್ಲಿ (ಎತ್ತರದ ಅಗಲ ಮಡಿಗಳ ಮೇಲೆ ಬೆಳೆ, ನಡುವಿನ ಸಾಲುಗಳಲ್ಲಿ ಹೆಚ್ಚಿನ ನೀರು ಹರಿದುಹೋಗುವಂತೆ) ಬಿತ್ತಿ.