ಡಿಸೆಂಬರ್‌ನಲ್ಲಿ ಚೆನ್ನೈ: ಹಗಲು ಹೊತ್ತು ಕಿವಿಗೇನು, ಹೊಟ್ಟೆಗೇನು?

ಮಲೆನಾಡ ಮಳೆ:
ಡಿಸೆಂಬರ್ 22ರಿಂದ ಮೂರು ದಿನ ಅಮ್ಮನನ್ನು ಕರೆದುಕೊಂಡು ಚೆನ್ನೈಗೆ ಹೋಗುತ್ತಿದ್ದೇನೆ. ಅಮ್ಮನಿಗೆ 70 ದಾಟಿದೆ. ಮದುವೆಗೆ ಮುಂಚೆ ವೀಣೆ ಕಲಿತವರು. ಅಲ್ಲಿನ ಮಾರ್ಗಳಿ ಸೀಸನ್ (ಡಿಸೆಂಬರ್‌ನ ಸಂಗೀತೋತ್ಸವ) ಒಮ್ಮೆ ನೋಡಬೇಕು ಅನ್ನೋದು ಅವರ ಹಳೇ ಆಸೆ. ಆದರೆ ಉಳಿಯೋದು ಊರಂಚಿನ ತಾಂಬರಂನಲ್ಲಿ, ಚಿಕ್ಕಮ್ಮನ ಮನೆಯಲ್ಲಿ. ರಾತ್ರಿ 7ರೊಳಗೆ ವಾಪಸ್ ಬರಬೇಕು. ದೊಡ್ಡವರ ಸಂಗೀತ ಕಚೇರಿಗಳೆಲ್ಲ ಸಂಜೆಯೇ, ಟಿಕೆಟ್ಟೂ ಸಿಗುತ್ತಿಲ್ಲ. ಹಗಲಲ್ಲಿ ಕೇಳೋಕೆ ಏನಾದರೂ ಇದೆಯಾ? ಊಟಕ್ಕೆ ಎಲ್ಲಿ? ಅಮ್ಮ ಈರುಳ್ಳಿ ತಿನ್ನುವುದಿಲ್ಲ.

ಅರ್ಧ ಆವರ್ತ:
ಕ್ಯಾಂಟೀನ್‌ಗೆ ಹೋಗಿ. ಪಕ್ಕದಲ್ಲಿ ಕಚೇರಿಯೂ ನಡೆಯುತ್ತಿರುತ್ತದೆ. 😄

ಒಗ್ಗರಣೆ ಸೌಟು:
ಮೇಲಿನವರ ಮಾತು ಪೂರ್ತಿ ತಮಾಷೆಯಲ್ಲ. ಆದರೂ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಸಂಜೆ ಟಿಕೆಟ್ ಸಿಗಲಿಲ್ಲ ಅಂತ ಬೇಜಾರು ಮಾಡ್ಕೋಬೇಡಮ್ಮ. ಮೈಸೂರಿನಿಂದ ನಾನು ಹನ್ನೊಂದು ವರ್ಷದಿಂದ ಹೋಗುತ್ತಿದ್ದೇನೆ. ಸಂಜೆ ಕಚೇರಿ ಕೇಳಿದ್ದು ನಾಲ್ಕೋ ಐದೋ. ನನ್ನ ಮಟ್ಟಿಗೆ ಸೀಸನ್ ಅಂದರೆ ಹಗಲೇ.

ಒಂದು ದಿನ ಖರ್ಚಾದರೂ ಪರವಾಗಿಲ್ಲ, ಟ್ಯಾಕ್ಸಿ ಮಾಡಿಕೊಂಡು ಬೆಳಿಗ್ಗೆ 6ಕ್ಕೆಲ್ಲ ಮೈಲಾಪುರ ಸೇರಿಬಿಡಿ. ಕಪಾಲೀಶ್ವರ ದೇವಸ್ಥಾನದ ಸುತ್ತ ನಾಲ್ಕು ಮಾಡ ಬೀದಿಗಳಿವೆ. ಭಜನೆಯವರು ಹಾಡುತ್ತಾ ಸುತ್ತು ಬರುತ್ತಾರೆ. ವಾಗ್ಗೇಯಕಾರ ಪಾಪನಾಶಂ ಶಿವನ್ ಹಾಡಿಕೊಂಡು ನಡೆದ ಬೀದಿಗಳಿವು. ಮನೆಗಳ ಮುಂದೆ ಆಗಷ್ಟೇ ಹಾಕಿದ ರಂಗೋಲಿ ಇರುತ್ತದೆ, ನೋಡಿಕೊಂಡು ಕಾಲಿಡಿ. ನಾನು ಒಮ್ಮೆ ತುಳಿದು ಬೈಸಿಕೊಂಡಿದ್ದೇನೆ.

ತಿಂಡಿಗೆ ಅಲ್ಲೇ ಅರುಂಡೇಲ್ ಬೀದಿಯ ರಾಯರ್ ಮೆಸ್. ಇಕ್ಕಟ್ಟು ಜಾಗ, ಕಾಯಬೇಕು. ಇಡ್ಲಿ ಬಂದ ಮೇಲೆ 'ಗೆಟ್ಟಿ ಚಟ್ನಿ' ಅಂತ ಕೇಳಿ. ನಮ್ಮ ಗಟ್ಟಿಯೇ ಅವರ ಗೆಟ್ಟಿ. ಚಮಚದಲ್ಲಿ ನಿಲ್ಲುವಷ್ಟು ಗಟ್ಟಿ.

ಬೆಳಿಗ್ಗೆ 8ರ ಹೊತ್ತಿಗೆ ಟಿಟಿಕೆ ರಸ್ತೆಯ ಮ್ಯೂಸಿಕ್ ಅಕಾಡೆಮಿಯಲ್ಲಿ 'ಲೆಕ್-ಡೆಮ್' ಇರುತ್ತದೆ. ಟಿಕೆಟ್ ಬೇಡ. ಒಂದು ರಾಗವನ್ನೋ ಒಂದು ವಾದ್ಯವನ್ನೋ ಹಿಡಿದು ವಿವರಿಸುತ್ತಾರೆ. ಮಾತು ಹೆಚ್ಚಾಗಿ ಇಂಗ್ಲಿಷಿನಲ್ಲಿ, ಆದರೆ ಮಧ್ಯೆ ಮಧ್ಯೆ ಹಾಡಿ, ನುಡಿಸಿ ತೋರಿಸುತ್ತಾರೆ. ವೀಣೆ ಕಲಿತವರಿಗೆ ಅಷ್ಟು ಸಾಕು. 1928ರಲ್ಲಿ ಶುರುವಾದ ಸಂಸ್ಥೆ ಅದು. 1935ರ ಸಮ್ಮೇಳನದ ಅಧ್ಯಕ್ಷರಾಗಿದ್ದ ನಮ್ಮ ವಾಸುದೇವಾಚಾರ್ಯರಿಗೆ ಆಮೇಲೆ, ಪಿಟೀಲು ಚೌಡಯ್ಯನವರಿಗೆ 1957ರಲ್ಲಿ, ವೀಣೆ ದೊರೆಸ್ವಾಮಿ ಅಯ್ಯಂಗಾರ್ಯರಿಗೆ 1984ರಲ್ಲಿ 'ಸಂಗೀತ ಕಲಾನಿಧಿ' ಬಿರುದು ಕೊಟ್ಟಿದ್ದು ಇವರೇ. ಅಮ್ಮನಿಗೆ ಹೇಳಿ, ಖುಷಿಪಡುತ್ತಾರೆ.

ಇನ್ನು ಮಧ್ಯಾಹ್ನ. 12ರಿಂದ 4ರವರೆಗೆ ಎಳೆಯರ ಕಚೇರಿಗಳು. ಬಹಳಷ್ಟು ಕಡೆ ಇವಕ್ಕೂ ದುಡ್ಡಿಲ್ಲ. ಒಂದು ವರ್ಷ ಇಂಥದ್ದೇ ಕಚೇರಿಗೆ ಹೋಗಿದ್ದೆ. ಇಡೀ ಹಾಲ್‌ಗೆ ನಾವು ಹದಿನೆಂಟು ಜನ. ವೇದಿಕೆ ಮೇಲೆ ಇಪ್ಪತ್ತರ ಹುಡುಗಿ. ನನ್ನ ಪಕ್ಕದ ತಾತ ಗೊರಕೆ ಹೊಡೆಯುತ್ತಿದ್ದರು, ಆದರೆ ತೊಡೆ ಮೇಲಿನ ಕೈ ತಾಳ ತಪ್ಪಲಿಲ್ಲ! ಕೊನೆಗೆ ಹುಡುಗಿ ಒಂದು ದೇವರನಾಮ ಎತ್ತಿಕೊಂಡಳು. ಸ್ವರ ಮುತ್ತು. ಕನ್ನಡ ಮಾತ್ರ, ಪಾಪ, 'ಭಾಗ್ಯ' ಹೋಗಿ 'ಬಾಕ್ಯ' ಆಗಿತ್ತು. ಮುಗಿದ ಮೇಲೆ ಪಕ್ಕದ ಬಾಗಿಲಿಗೆ ಹೋಗಿ ಮೆಲ್ಲಗೆ ಹೇಳಿದೆ. ಬೇಜಾರು ಮಾಡಿಕೊಳ್ಳಲಿಲ್ಲ. ಫೋನ್‌ನಲ್ಲಿ ತಮಿಳು ಅಕ್ಷರದಲ್ಲಿ ಬರೆದುಕೊಂಡು, ನನ್ನ ಕೈಯಲ್ಲಿ ಮೂರು ಸಲ ಹೇಳಿಸಿದಳು. ಸಂಜೆಯ ತುಂಬಿದ ಹಾಲ್‌ನಲ್ಲಿ ಇದು ಆಗುತ್ತಾ?

ಕ್ಯಾಂಟೀನ್: ದೊಡ್ಡ ಸಭಾಗಳಲ್ಲೆಲ್ಲ (ಕಚೇರಿ ನಡೆಸುವ ಸಂಘಗಳು) ಇರುತ್ತದೆ, ಬರೀ ತಿನ್ನೋಕೆ ಬರುವವರೇ ಎಷ್ಟೋ ಜನ. ಊಟಕ್ಕೆ 12ಕ್ಕಿಂತ ಮುಂಚೆ ಹೋಗಿ. ಕಚೇರಿಯಲ್ಲಿ ತನಿ ಆವರ್ತನ (ಮೃದಂಗದವರು ಒಬ್ಬರೇ ನುಡಿಸುವ ಭಾಗ) ಶುರುವಾಯಿತೋ, ಅರ್ಧ ಹಾಲ್ ಎದ್ದು ಕಾಫಿಗೆ ಓಡುತ್ತದೆ. ಮೃದಂಗದವರ ಮುಖ ನೋಡೋಕಾಗಲ್ಲ. ನೀವು ಹಾಗೆ ಮಾಡಬೇಡಿ. ಮೆನು ದಿನಾ ಬದಲಾಗುತ್ತದೆ. ಬಾಳೆಹೂವಿನ ವಡೆ, ಅಡೈ ಅವಿಯಲ್ ಕಂಡರೆ ಬಿಡಬೇಡಿ. ಅಕ್ಕಾರ ಅಡಿಸಿಲ್ ಅಂದರೆ ಹಾಲಿನಲ್ಲಿ ಬೆಂದ ಸಿಹಿ ಪೊಂಗಲ್, ತುಪ್ಪ ಕೈಗೆ ಮೆತ್ತುತ್ತದೆ. ಸಾಂಬಾರಿಗೆ ಸಣ್ಣ ಈರುಳ್ಳಿ ಹಾಕಿರಬಹುದು, 'ವೆಂಗಾಯಂ ಇರುಕ್ಕಾ?' ಅಂತ ಕೇಳಿಯೇ ಬಡಿಸಿಕೊಳ್ಳಿ.

ಮಾಂಬಲಂ ಮಾವ:
ನಾನು ಇಲ್ಲೇ ಇರೋದು. ಅಕ್ಕ ಹೇಳಿದ್ದಕ್ಕೆ ಒಂದೇ ತಕರಾರು. 70 ದಾಟಿದವರನ್ನು ರಾಯರ್ ಮೆಸ್ ಮುಂದೆ ನಿಲ್ಲಿಸಬೇಡಿ. ಪೂರ್ವ ಮಾಡ ಬೀದಿಯ ಕರ್ಪಗಾಂಬಾಳ್ ಮೆಸ್ ಸಾಕು. ಬಿಸಿಲೇರಿದ ಮೇಲೆ ದಕ್ಷಿಣ ಮಾಡ ಬೀದಿಯ ಕಾಳತ್ತಿ ಅಂಗಡಿಯಲ್ಲಿ ರೋಸ್ ಮಿಲ್ಕ್ ಕುಡಿಯಿರಿ. ನೋಡೋಕೆ ಪೇಪರ್ ಅಂಗಡಿ, ಗಾಬರಿಯಾಗಬೇಡಿ.

ಇನ್ನೊಂದು, ದಿನಾ ಮೈಲಾಪುರಕ್ಕೇ ಹೋಗಬೇಕು ಅಂತಿಲ್ಲ. ತಾಂಬರಂನಿಂದ ಲೋಕಲ್ ಟ್ರೈನ್ ಹತ್ತಿದರೆ ನೇರ ಮಾಂಬಲಂ. ಅಲ್ಲಿಂದ ಟಿ. ನಗರದ ಕೃಷ್ಣ ಗಾನ ಸಭಾಕ್ಕೋ ವಾಣಿ ಮಹಲ್‌ಗೋ ಆಟೋ. ಬೆಳಿಗ್ಗೆ 9ರ ಮೇಲೆ ಹೊರಡಿ, ಇಲ್ಲದಿದ್ದರೆ ಆಫೀಸ್ ಜನದ ನಡುವೆ ನಲುಗಿಹೋಗುತ್ತೀರಿ.

ಹೊರಡೋ ಮುಂಚೆ ಕಾರ್ಯಕ್ರಮದ ಪಟ್ಟಿ ಮತ್ತೊಮ್ಮೆ ನೋಡಿ. ಹೋದ ವರ್ಷ ಒಂದು ಸಭಾದ ಪಟ್ಟಿಯಲ್ಲಿ 12ಕ್ಕೆ ಕೊಳಲು ಅಂತಿತ್ತು. ಹೋದರೆ ಬಾಗಿಲಿಗೆ ಬೀಗ! ಮತ್ತೆ ಅಮ್ಮನಿಗೆ ಶಾಲು ಬೇಕೇ ಬೇಕು. ಹೊರಗೆ ಬೆವರು, ಒಳಗೆ ಎಸಿ ಊಟಿ. ಛತ್ರಿನೂ ಇರಲಿ, ಡಿಸೆಂಬರ್ ಮಳೆಯನ್ನು ನಂಬೋಕಾಗಲ್ಲ.

ಮಲೆನಾಡ ಮಳೆ:
ತುಂಬಾ ಥ್ಯಾಂಕ್ಸ್. ಎಲ್ಲಾ ಅಮ್ಮನಿಗೆ ಓದಿ ಹೇಳಿದೆ. ದೊರೆಸ್ವಾಮಿ ಅಯ್ಯಂಗಾರ್ಯರ ಹೆಸರು ಕೇಳಿ ಒಳಗೆ ಹೋಗಿ ಹಳೇ ವೀಣೆ ಪುಸ್ತಕ ಹುಡುಕುತ್ತಿದ್ದಾರೆ. ಒಂದು ಪ್ರಶ್ನೆ ಅವರದು: ಆ ಹುಡುಗಿ ಈಗ ಸರಿಯಾಗಿ ಹಾಡ್ತಾಳಾ ಅಂತ ಕೇಳು ಅಂದರು.

ಒಗ್ಗರಣೆ ಸೌಟು:
ಮರುವರ್ಷ ಹುಡುಕಿಕೊಂಡು ಹೋಗಿ ಕೇಳಿದೆ. 'ಭಾಗ್ಯ' ಬಂದಿತ್ತು. 'ಹರಿ' ಇನ್ನೂ 'ಅರಿ'ಯೇ.