ಹಲಾಲ್ ತೆರಿಯಾಕಿ: ಮಿರಿನ್ ಬದಲು ಏನು?

ಪ್ರಶ್ನೆ (ವಿರಾಜಪೇಟೆ): ಮುಸ್ಲಿಂ, ಕೊಡವ ಗೆಳೆಯರೆಲ್ಲ ಒಂದೇ ಪಂಕ್ತಿಯಲ್ಲಿ ಉಣ್ಣಬೇಕು. 1 ಕೆಜಿ ಮೂಳೆಯಿಲ್ಲದ ಹಲಾಲ್ ಕೋಳಿ ತೊಡೆ ಇದೆ. ತೆರಿಯಾಕಿಗೆ (ಸಿಹಿ ಸೋಯಾ ಸಾಸ್ ಹಿಡಿಸಿದ ಜಪಾನಿ ಅಡುಗೆ) ಮಿರಿನ್ (ಅಡುಗೆಗೆ ಬಳಸುವ ಜಪಾನಿನ ಸಿಹಿ ಅಕ್ಕಿ ಮದ್ಯ) ಹಾಕಿ ಕುದಿಸಿದರೆ ಮದ್ಯ ಹೋಗುತ್ತದಲ್ಲವೇ?

ಉತ್ತರ 1: ಪೂರ್ತಿ ಹೋಗುವುದಿಲ್ಲ. ಮಿರಿನ್‌ನಲ್ಲಿ ಸುಮಾರು 14% ಮದ್ಯವಿದೆ, ಹಾಕಲೇಬೇಡಿ. ಸೋಯಾ ಸಾಸ್ 120 ಮಿಲಿ, ನೀರು 120 ಮಿಲಿ, ಸಕ್ಕರೆ 3 ದೊಡ್ಡ ಚಮಚ, ಶುಂಠಿ ರಸ 1 ಚಮಚ ಕಲಸಿಡಿ. ಕೋಳಿಯ ಚರ್ಮದ ಬದಿ ಕೆಳಗಿಟ್ಟು ಮಧ್ಯಮ ಉರಿಯಲ್ಲಿ 7 ನಿಮಿಷ, ಮಗುಚಿ 4 ನಿಮಿಷ. ಬಿಟ್ಟ ಕೊಬ್ಬನ್ನು ಬಸಿದು ತೆಗೆಯಿರಿ, ಇಲ್ಲದಿದ್ದರೆ ಸಾಸ್ ಹಿಡಿಯುವುದಿಲ್ಲ. ಆಮೇಲೆ ಸಾಸ್ ಸುರಿದು ಕೋಳಿ ಒಳಗೂ ಬೇಯುವವರೆಗೆ ಕುದಿಸಿ. ಮಿರಿನ್ ಕೊಡುವ ಹೊಳಪಿಗೆ ಕೊಡಗಿನ ಜೇನು 2 ಚಮಚ ಸಾಕು. ಅದು ಕೊನೆಗೇ ಬೀಳಬೇಕು, ಮೊದಲೇ ಹಾಕಿದರೆ ಸೀದು ಕಹಿಯಾಗುತ್ತದೆ. ಕಾಚಂಪುಳಿ (ಕೊಡಗಿನ ಕಪ್ಪು ಹುಳಿ) ಮಾತ್ರ ಬೇಡ, ಸೋಯಾ ರುಚಿಯನ್ನೇ ಮುಚ್ಚಿಬಿಡುತ್ತದೆ.

ಉತ್ತರ 2: ಸೋಯಾ ಸಾಸ್ ಬಾಟಲಿಯನ್ನೂ ಓದಿ. ಕೆಲವು ಕಂಪನಿಗಳು ಕೆಡದಿರಲೆಂದು ಮದ್ಯ ಸೇರಿಸುತ್ತವೆ, ಮಿಸೊದಲ್ಲೂ (ಹುದುಗಿಸಿದ ಸೋಯಾ ಮುದ್ದೆ) ಹಾಗೆಯೇ. ಹಲಾಲ್ ಮುದ್ರೆ ಇರುವುದನ್ನೇ ತನ್ನಿ.

ಉತ್ತರ 3: ಪಂದಿ ಕರಿ (ಹಂದಿ ಮಾಂಸದ ಅಡುಗೆ) ಮಾಡುವ ಅಡುಗೆಮನೆಯಾದರೆ ಬಾಣಲೆ, ಚಾಕು, ಎಣ್ಣೆ ಎಲ್ಲ ಬೇರೆಯೇ ಇರಲಿ. ಮರದ ಮಣೆ ಕೊಬ್ಬು ಹೀರಿಕೊಂಡಿರುತ್ತದೆ, ಹೊಸದು ತನ್ನಿ. ಇದನ್ನು ಅತಿಥಿಗಳಿಗೆ ಮೊದಲೇ ತಿಳಿಸಿ, ಅವರು ನಿಶ್ಚಿಂತೆಯಿಂದ ಉಣ್ಣುತ್ತಾರೆ.