‘ಸ್ಮೋಕ್ ಆನ್ ದ ವಾಟರ್’: ಬೆಂಕಿ ಕಥೆ ಎಷ್ಟು ನಿಜ, ರಿಫ್ ಯಾಕೆ ರೆಕಾರ್ಡಿನ ಹಾಗೆ ಕೇಳಿಸಲ್ಲ?

ಆರು_ತಂತಿ ಕೇಳಿದ್ದು:

ಬ್ರಿಟಿಷ್ ರಾಕ್ ತಂಡ ಡೀಪ್ ಪರ್ಪಲ್‌ನ ಈ ಹಾಡು, ಅದರ ರಿಫ್ (ಮತ್ತೆ ಮತ್ತೆ ಬರೋ ಗಿಟಾರ್ ಧಾಟಿ) ಬಗ್ಗೆ ಗೊತ್ತಿರೋರು ಹೇಳಿ. ಪ್ರಶ್ನೆ ಎರಡು.

ಮೊದಲನೆಯದು ಸಾಹಿತ್ಯದ್ದು. ಸರೋವರದ ದಡದ ಊರು, ಕ್ಯಾಸಿನೋ, ಯಾರೋ ಪೆದ್ದ ಹಾರಿಸಿದ ಫ್ಲೇರ್ ಗನ್, ಬೆಂಕಿ, ಆಮೇಲೆ ಖಾಲಿ ಹೋಟೆಲು, ಹೊರಗೆ ನಿಂತ ಯಾವುದೋ ‘ಟ್ರಕ್ ಸ್ಟೋನ್ಸ್’. ಇದರಲ್ಲಿ ನಡೆದದ್ದು ಎಷ್ಟು, ಪ್ರಾಸಕ್ಕೆ ಕಟ್ಟಿದ್ದು ಎಷ್ಟು?

ಎರಡನೆಯದು ಕೈಯದ್ದು. ಆರನೇ ಮತ್ತು ಐದನೇ ತಂತಿ ಮೇಲೆ ಪವರ್ ಕಾರ್ಡ್ (ಸ–ಪ ಜೋಡಿ) ಹಿಡಿದು, ಫ್ರೆಟ್ (ಗಿಟಾರ್ ಕತ್ತಿನ ಮೇಲಿನ ಲೋಹದ ಪಟ್ಟಿ) ಲೆಕ್ಕದಲ್ಲಿ 3–6–8, 3–6–9–8, 3–6–8–6–3 ಅಂತ ನುಡಿಸಿದರೆ ಧಾಟಿ ಬರುತ್ತೆ, ರೆಕಾರ್ಡಿನ ಬಿಗಿ ಬರಲ್ಲ. ಗೇನ್ (ಸದ್ದನ್ನು ಒರಟಾಗಿಸೋ ನಾಬ್) ಏರಿಸಿದಷ್ಟೂ ಕಲಸುಮೇಲೋಗರ. ಸ್ಟ್ರಾಟ್ ಥರದ ಎಲೆಕ್ಟ್ರಿಕ್ ಗಿಟಾರ್, 15 ವಾಟ್ ಆಂಪ್ (ಆಂಪ್ಲಿಫೈಯರ್). ತಪ್ಪು ಎಲ್ಲಿ?

ಹಳೇ_ಕ್ಯಾಸೆಟ್:

ಮೊದಲನೇ ಪ್ರಶ್ನೆಗೆ: ಕಟ್ಟಿದ್ದು ತೀರಾ ಕಮ್ಮಿ. ಅದು ಹಾಡಿಗಿಂತ ಹೆಚ್ಚಾಗಿ ಪಂಚನಾಮೆ.

ಊರು ಸ್ವಿಟ್ಜರ್ಲೆಂಡಿನ ಮಾಂಟ್ರೋ, ಜಿನೀವಾ ಸರೋವರದ ದಡ. ದಿನ 1971ರ ಡಿಸೆಂಬರ್ 4, ಶನಿವಾರ. ಚಳಿಗಾಲಕ್ಕೆ ಕ್ಯಾಸಿನೋ ಬಾಗಿಲು ಹಾಕುವ ಮುಂಚಿನ ಕೊನೇ ಕಾರ್ಯಕ್ರಮ ಅಮೆರಿಕದ ಸಂಗೀತಗಾರ ಫ್ರಾಂಕ್ ಜಾಪಾ ಮತ್ತು ಅವರ ‘ಮದರ್ಸ್ ಆಫ್ ಇನ್ವೆನ್ಷನ್’ ತಂಡದ್ದು. ಅದು ಮುಗಿದ ಮೇಲೆ ಖಾಲಿಯಾದ ಅದೇ ಜಾಗದಲ್ಲಿ ಡೀಪ್ ಪರ್ಪಲ್ ತಮ್ಮ ಆಲ್ಬಂ ರೆಕಾರ್ಡ್ ಮಾಡೋದು ಅಂತ ಏರ್ಪಾಡಾಗಿತ್ತು. ಹಾಗಾಗಿ ಅವರೂ ಊರಲ್ಲೇ ಇದ್ದರು.

‘ಕಿಂಗ್ ಕಾಂಗ್’ ಅನ್ನೋ ರಚನೆ ನಡೀತಾ, ಜಾಪಾ ತಂಡದ ಡಾನ್ ಪ್ರೆಸ್ಟನ್ ಸಿಂಥಸೈಜರ್ ನುಡಿಸ್ತಿದ್ದಾಗ ಸಭೆಯಿಂದ ಒಬ್ಬ ಫ್ಲೇರ್ ಗನ್ ಹಾರಿಸಿದ. ಹಡಗಿನವರು ಆಪತ್ತಿನಲ್ಲಿ ಆಕಾಶಕ್ಕೆ ಬೆಂಕಿಯುಂಡೆ ಬಿಡೋ ಪಿಸ್ತೂಲು ಅದು. ಚಾವಣಿಗೆ ಹೊದಿಸಿದ್ದು ಬೆತ್ತ. ಒಣಗಿದ ಬೆತ್ತಕ್ಕೆ ಅಂಥ ಉಂಡೆ ತಗುಲಿದರೆ ಇನ್ನೇನಾಗುತ್ತೆ? ಜಾಪಾ ವಾದ್ಯ ನಿಲ್ಲಿಸಿ, ಗಾಬರಿಯಾಗದೆ ಹೊರಗೆ ನಡೀರಿ ಅಂತ ಮೈಕಿನಲ್ಲೇ ಹೇಳಿದರು. ಯಾರೂ ಸಾಯಲಿಲ್ಲ. ಕಟ್ಟಡ ಹೋಯ್ತು, ಜಾಪಾ ತಂಡದ ಸಾಮಾನೂ ಹೋಯ್ತು. ಆ ದಿನದ ಕಳ್ಳ ರೆಕಾರ್ಡಿಂಗ್ ಒಂದು ಉಳೀತು. 1992ರಲ್ಲಿ ‘ಬೀಟ್ ದ ಬೂಟ್ಸ್’ ಎರಡನೇ ಕಂತಿನಲ್ಲಿ ‘ಸ್ವಿಸ್ ಚೀಸ್/ಫೈರ್!’ ಅನ್ನೋ ಹೆಸರಲ್ಲಿ ಅಧಿಕೃತವಾಗಿಯೇ ಬಂತು.

ಹಾಡಿನಲ್ಲಿ ಮಕ್ಕಳನ್ನು ಎಳೆದು ಹೊರಗೆ ತರ್ತಿದ್ದ ‘ಫಂಕಿ ಕ್ಲಾಡ್’ ಕಲ್ಪನೆಯಲ್ಲ. ಅವರು ಕ್ಲಾಡ್ ನಾಬ್ಸ್, 1967ರಲ್ಲಿ ಮಾಂಟ್ರೋ ಜಾಝ್ ಉತ್ಸವ ಹುಟ್ಟುಹಾಕಿದವರು. ನೀರಿನ ಮೇಲೆ ಹರಡಿದ ಹೊಗೆಯನ್ನು ಡೀಪ್ ಪರ್ಪಲ್‌ನವರು ನೋಡಿದ್ದು ಹೋಟೆಲಿನ ಕಿಟಕಿಯಿಂದ. ಶೀರ್ಷಿಕೆ ಬಾಸ್ ನುಡಿಸುವ ರೋಜರ್ ಗ್ಲೋವರ್ ಅವರದ್ದು, ನಿದ್ದೆಯಿಂದ ಏಳ್ತಾ ಬಾಯಿಗೆ ಬಂದ ಮಾತು. ಮಾದಕ ವಸ್ತುವಿನ ಹಾಡು ಅಂದ್ಕೋತಾರೆ ಅಂತ ತಂಡದಲ್ಲೇ ಅದರ ಬಗ್ಗೆ ಅನುಮಾನ ಇತ್ತು.

ಆಮೇಲೆ ಸಿಕ್ಕಿದ್ದು ಚಳಿಗಾಲಕ್ಕೆ ಮುಚ್ಚಿದ್ದ ಗ್ರಾಂಡ್ ಹೋಟೆಲು. ಕಾರಿಡಾರಿನಲ್ಲಿ ಹಾಸಿಗೆಗಳನ್ನು ಒರಗಿಸಿ ಸದ್ದು ತಡೆದರು, ಕೆಂಪು ದೀಪ ಹಾಕಿಕೊಂಡರು, ಹಾಡಿನಲ್ಲಿರೋದೂ ಅದೇ. ನುಡಿಸಿದ್ದನ್ನು ಕೇಳಬೇಕು ಅಂದರೆ ಮಲಗೋ ಕೋಣೆಗಳನ್ನು ದಾಟಿ, ಬಾಲ್ಕನಿ ಹತ್ತಿ ಇಳಿದು, ರೆಕಾರ್ಡಿಂಗ್ ಯಂತ್ರ ಹೊತ್ತು ಅಂಗಳದಲ್ಲಿ ನಿಂತ ಲಾರಿ ತನಕ ಹೋಗಬೇಕು. ಎರಡು ಮೂರು ಸಲ ಹೋಗಿ ಸಾಕಾಗಿ, ಚೆನ್ನಾಗಿ ಬಂತು ಅಂತ ತಮಗೇ ಅನಿಸಿದರೆ ಮುಂದಿನದಕ್ಕೆ ಹೋಗೋದು ಅಂತ ಮಾಡಿಕೊಂಡರು. ಆ ಆಲ್ಬಂ, ‘ಮಷೀನ್ ಹೆಡ್’, ಅಷ್ಟು ಲವಲವಿಕೆಯಿಂದ ಇರೋಕೆ ಈ ಸೋಮಾರಿತನವೂ ಒಂದು ಕಾರಣ ಅನ್ನೋದು ನನ್ನ ಲೆಕ್ಕ. ಡಿಸೆಂಬರ್ 6ರಿಂದ 21ರೊಳಗೆ ಆಲ್ಬಂ ಮುಗೀತು.

ಪಾಪ, ಜಾಪಾ ಗ್ರಹಚಾರ ಅಲ್ಲಿಗೇ ನಿಲ್ಲಲಿಲ್ಲ. ಆರೇ ದಿನಕ್ಕೆ, ಡಿಸೆಂಬರ್ 10ರಂದು ಲಂಡನ್ನಿನ ರೇನ್‌ಬೋ ಥಿಯೇಟರಿನಲ್ಲಿ ಪ್ರೇಕ್ಷಕನೊಬ್ಬ ಅವರನ್ನು ವೇದಿಕೆಯಿಂದ ವಾದ್ಯಗಾರರ ಗುಂಡಿಗೆ ತಳ್ಳಿದ. ತಿಂಗಳುಗಟ್ಟಲೆ ಗಾಲಿಕುರ್ಚಿ. ಗಂಟಲಿಗೂ ಪೆಟ್ಟಾಗಿ ದನಿ ಶಾಶ್ವತವಾಗಿ ಇಳೀತು.

ಕ್ಯಾಸಿನೋ 1975ರಲ್ಲಿ ಮತ್ತೆ ತೆರೀತು. ಅದರೊಳಗಿನ ಮೌಂಟನ್ ಸ್ಟುಡಿಯೋವನ್ನು 1979ರಲ್ಲಿ ಕ್ವೀನ್ ತಂಡ ಕೊಂಡುಕೊಂಡಿತು. 1981ರಲ್ಲಿ ಡೇವಿಡ್ ಬೋವಿ ಜೊತೆ ‘ಅಂಡರ್ ಪ್ರೆಶರ್’ ಹುಟ್ಟಿದ್ದು ಅಲ್ಲೇ.

ಬಿಸಿ_ವಾಲ್ವ್:

@ಹಳೇ_ಕ್ಯಾಸೆಟ್ ಸರ್, ಒಂದು ತಿದ್ದುಪಡಿ. ಆಲ್ಬಂ ಗ್ರಾಂಡ್ ಹೋಟೆಲಿನದ್ದು ನಿಜ, ಆದರೆ ಈ ಹಾಡಿನ ವಾದ್ಯದ ಭಾಗ ಅಲ್ಲಿಯದ್ದಲ್ಲ. ಕ್ಯಾಸಿನೋ ಸುಟ್ಟ ಮೇಲೆ ಮೊದಲು ಸಿಕ್ಕಿದ್ದು ಊರೊಳಗಿನ ಪೆವಿಲಿಯನ್ ಅನ್ನೋ ಥಿಯೇಟರ್. ರಾತ್ರಿ ಹೊತ್ತಿನ ಸದ್ದಿಗೆ ಅಕ್ಕಪಕ್ಕದವರು ದೂರು ಕೊಟ್ಟು ಪೊಲೀಸರು ಬಂದರು. ಅವರು ಬಾಗಿಲು ಬಡೀತಾ ಇದ್ದಾಗ ತಂಡದ ಆಳುಗಳು ಒಳಗಿನಿಂದ ಬಾಗಿಲು ಒತ್ತಿ ಹಿಡಿದಿದ್ದರು, ಟೇಕ್ (ಒಂದು ಸಲದ ರೆಕಾರ್ಡಿಂಗ್) ಮುಗಿಯೋವರೆಗೆ. ಆ ಟೇಕೇ ಇದು. ಆಗ ಸಾಹಿತ್ಯವೂ ಇರಲಿಲ್ಲ, ಹೆಸರೂ ಇರಲಿಲ್ಲ; ‘ಟೈಟಲ್ ನಂಬರ್ 1’ ಅಂತ ಕರೀತಿದ್ದರು. ತಾನು ಹುಟ್ಟಿದ ಜಾಗದ ಹೆಸರನ್ನೇ ಹಾಡು ಎತ್ತೋದಿಲ್ಲ!

ಈಗ ರಿಫ್. @ಆರು_ತಂತಿ, ನಿಮ್ಮ ಸ್ವರ ಸರಿ, ತಂತಿ ತಪ್ಪು. ತಂಡದ ಗಿಟಾರ್ ವಾದಕ ರಿಚಿ ಬ್ಲ್ಯಾಕ್‌ಮೋರ್ ನುಡಿಸೋದು ಪವರ್ ಕಾರ್ಡ್ ಅಲ್ಲ. ನಾಲ್ಕನೇ ತಂತಿ (ಡಿ) ಮತ್ತು ಮೂರನೇ ತಂತಿ (ಜಿ), ಎರಡೂ ಒಂದೇ ಫ್ರೆಟ್ಟಿನಲ್ಲಿ:

0–3–5, 0–3–6–5, 0–3–5–3–0

ಸೊನ್ನೆ ಅಂದರೆ ಖಾಲಿ ತಂತಿ. 3ಕ್ಕೆ ತೋರುಬೆರಳು ಅಡ್ಡ ಮಲಗಿಸಿ, 5ಕ್ಕೆ ಉಂಗುರ ಬೆರಳು, 6ಕ್ಕೆ ಕಿರುಬೆರಳು.

ಎರಡನೇ ಗುಟ್ಟು ಬಲಗೈಯಲ್ಲಿದೆ. ಪಿಕ್ (ತಂತಿ ಮೀಟೋ ಬಿಲ್ಲೆ) ಬೇಡ. ಹೆಬ್ಬೆರಳು ಡಿ ಮೇಲೆ, ತೋರುಬೆರಳು ಜಿ ಮೇಲೆ, ಚಿವುಟಿದ ಹಾಗೆ ಎರಡನ್ನೂ ಒಟ್ಟಿಗೆ ಎಳೀಬೇಕು. ಪಿಕ್ಕಿನಿಂದ ಕೆಳಗೆ ಹೊಡೆದರೆ ಡಿ ಮೊದಲು, ಜಿ ಆಮೇಲೆ ಮೊಳಗುತ್ತೆ. ಅಂತರ ಕೂದಲೆಳೆಯಷ್ಟೇ, ಆದರೆ ‘ಟ್ರಂಗ್’ ಅನ್ನೋದು ಅದರಿಂದಲೇ. ಚಿವುಟಿದರೆ ‘ಡಂ’ ಅನ್ನುತ್ತೆ, ಆರ್ಗನ್ ಮನೆ ಒತ್ತಿದ ಹಾಗೆ.

ನಿಮ್ಮದು ಕಲಸಿಹೋಗೋದು ಯಾಕೆ ಅಂದರೆ: ಖಾಲಿ ಜಿ 196 ಹರ್ಟ್ಸ್, ಖಾಲಿ ಡಿ ಸುಮಾರು 147. ಎರಡು ಸ್ವರ ಒಟ್ಟಿಗೆ ಡಿಸ್ಟಾರ್ಷನ್‌ಗೆ (ಗೇನ್ ಏರಿಸಿದಾಗ ಆಂಪಿನಲ್ಲಿ ಸದ್ದು ಒಡೆಯೋದಕ್ಕೆ) ಹೋದರೆ ಅವುಗಳ ವ್ಯತ್ಯಾಸದ ಸ್ವರವೂ ಹುಟ್ಟುತ್ತೆ. ಇಲ್ಲಿ 49 ಹರ್ಟ್ಸ್. ಅದು ಜಿ, ಎರಡು ಸ್ಥಾಯಿ ಕೆಳಗೆ. ತಂತಿ ಮೇಲೆ ಇಲ್ಲದ ತೂಕ ಆಂಪಿನೊಳಗೆ ಬರುತ್ತೆ. ನೀವು ಆರನೇ ತಂತಿಯಿಂದ ಶುರು ಮಾಡಿದಾಗ 98 ಹರ್ಟ್ಸ್ ಆಗಲೇ ದಪ್ಪಗೆ ಕೂತಿದೆ, ಅದರ ಕೆಳಗೆ ಈ 49 ಬೇರೆ, ಬಾಸ್ ಗಿಟಾರ್ ಇರಬೇಕಾದ ಜಾಗವೂ ಅದೇ. 15 ವಾಟಿನ ಚಿಕ್ಕ ಸ್ಪೀಕರ್ ಅಷ್ಟನ್ನು ಬಿಡಿಸಿ ಹೇಳೋಕೆ ಆಗದೆ ಗೊರಗೊರ ಅನ್ನುತ್ತೆ.

ಗೇನ್ ಅರ್ಧಕ್ಕಿಂತ ಕೆಳಗೆ ಇಳಿಸಿ, ಬಾಸ್ ನಾಬ್ ಇನ್ನೂ ಕೆಳಗೆ, ಮಿಡ್ ಏರಿಸಿ. ಅರ್ಧ ಆಂಪು, ಅರ್ಧ ಕೈ ಅನ್ನೋ ಹಾಗೆ ಇರಲಿ. ಇಷ್ಟಾದರೂ ರೆಕಾರ್ಡಿನ ದಪ್ಪ ಪೂರ್ತಿ ಬರಲ್ಲ, ಯಾಕಂದರೆ ಅದರಲ್ಲಿ ಒಂದು ಪಾಲು ಗಿಟಾರೇ ಅಲ್ಲ. ಮೊದಲು ಗಿಟಾರ್ ಒಂಟಿ, ಆಮೇಲೆ ಹೈ-ಹ್ಯಾಟ್ (ಡ್ರಮ್ಸಿನ ಜೋಡಿ ತಾಟು) ಮತ್ತು ಆರ್ಗನ್, ಆಮೇಲೆ ಪೂರ್ತಿ ಡ್ರಮ್ಸ್, ಕೊನೆಗೆ ಬಾಸ್. ತಂಡದ ಆರ್ಗನ್ ವಾದಕ ಜಾನ್ ಲಾರ್ಡ್ ತಮ್ಮ ಹ್ಯಾಮಂಡ್ ಆರ್ಗನ್ನನ್ನು ಮಾರ್ಷಲ್ ಗಿಟಾರ್ ಆಂಪಿಗೆ ಹಾಕಿ ಅದೇ ರಿಫ್ ನುಡಿಸ್ತಾರೆ. ಎಷ್ಟೋ ಜನ ಅದನ್ನೂ ಗಿಟಾರ್ ಅಂದುಕೊಂಡೇ ಕೇಳಿರ್ತಾರೆ.

ಆರು_ತಂತಿ:

ಡಿ–ಜಿ ತಂತಿಗೆ ಬಂದ ತಕ್ಷಣ ಬಿಗಿ ಬಂತು, ಥ್ಯಾಂಕ್ಸ್ ಸರ್. ಈಗ ಇನ್ನೊಂದು ತಕರಾರು: ಎರಡನೇ ತುಂಡು ಮೆಟ್ರೊನೋಮಿಗೆ ಕೂರ್ತಿಲ್ಲ. ಜೊತೆಗೆ ಖಾಲಿ ತಂತಿ ಕೊಯ್ಯಂತ ಮೊಳಗ್ತಾನೇ ಇರುತ್ತೆ.

ಮಂದ್ರ_ಪಂಚಮ:

ನೋಡ್ರಿ, ಇದನ್ನ ತೀನತಾಲದಾಗ ಹಾಕಿ ಎಣಸ್ರಿ, ಹಗುರ ಆಗ್ತದ. ಇಡೀ ರಿಫ್ ಅಂದ್ರ ಸರಿಯಾಗಿ 16 ಮಾತ್ರಾ, ಒಂದು ಆವರ್ತನ. ಲಯ ನಿಮಿಷಕ್ಕ 112ರ ಸುಮಾರು.

ಮೊದಲನೇ ತುಂಡು 1, 2, 3ನೇ ಮಾತ್ರಾದ ಮ್ಯಾಲೆ ನೆಟ್ಟಗ ಬೀಳ್ತದ. ಎಲ್ಲಾರೂ ಎಡವೋದು ಮುಂದ. ಎರಡನೇ ತುಂಡು 5ಕ್ಕ ಶುರು ಆಗೂದಿಲ್ರಿ, ನಾಲ್ಕೂವರಿಗೆ ಶುರು ಆಗ್ತದ. ಖಾಲಿ ತಂತಿ 4½, ಮೂರನೇ ಫ್ರೆಟ್ 5½, ಆರನೇದು 6½, ಐದನೇದು ನೆಟ್ಟಗ 7ಕ್ಕ. ಅಂದ್ರ ಮೂರು ಸ್ವರ ಸಂದಿನ್ಯಾಗ, ಕಡೀಕ ಒಂದು ಪೆಟ್ಟಿನ ಮ್ಯಾಲೆ. ಮೂರನೇ ತುಂಡು ತಾಳದ ಖಾಲಿ (9ನೇ ಮಾತ್ರಾ) ಮ್ಯಾಲೆ ಶುರು, 9, 10, 11. ಆಮ್ಯಾಲ 12½, 13½, ಅಲ್ಲಿಂದ 16ರ ತನಕ ತಡದು ನಿಲ್ಲೂದು. ಕೈಯಾಗ ತಾಳಾ ಹಾಕ್ಕೋತ ಬಾಯಿಲೆ ನಾಲ್ಕು ಆವರ್ತನ ಅಂದ್ಕೊಂಡು ಆಮ್ಯಾಲ ಗಿಟಾರ್ ಹಿಡೀರಿ.

ಸ್ವರದಾಗೂ ಒಂದು ಮಜಾ ಅದ. ಜಿ ಅನ್ನೂದನ್ನ ಷಡ್ಜ ಇಟ್ಕೊಂಡ್ರ ಜಿ ತಂತಿ ಹೇಳೂದು ಸ ಗ ಮ, ಸ ಗ ಮ ಮ, ಸ ಗ ಮ ಗ ಸ. ಗಂಧಾರ ಕೋಮಲ. ನಡುವಿನ ತುಂಡಿನ್ಯಾಗ ಮೊದಲನೇ ಮಧ್ಯಮ ತೀವ್ರ, ಅದರ ಬೆನ್ನಿಗೆ ಬರೂದು ಶುದ್ಧ. ಡಿ ತಂತಿ ಇದನ್ನ ಮಂದ್ರ ಪಂಚಮದಿಂದ ಹೇಳ್ತದ: ಪ ನಿ ಸ, ಪ ನಿ ರೆ ಸ, ಪ ನಿ ಸ ನಿ ಪ. ಎರಡು ಮಧ್ಯಮ ಒಂದರ ಬೆನ್ನಿಗೆ ಒಂದು ಬಂತಂತ ಲಲಿತ್ ನೆನಪಾದ್ರ ಆಗ್ಲಿ, ಹೋಲಿಕಿ ಅಷ್ಟಕ್ಕ ಮುಗೀತು. ಖರೇ ಸಂಬಂಧ ಖಾಲಿ ತಂತಿದು. ಮಂದ್ರ ಪಂಚಮ, ಅದರ ಮ್ಯಾಲೆ ಷಡ್ಜ, ಅಂದ್ರ ತಂಬೂರಿಯ ಮೊದಲನೇ ತಂತಿ, ಎರಡನೇ ತಂತಿ. ತಂಬೂರಿಯಾಗ ಒಂದಾದ ಮ್ಯಾಲೆ ಒಂದು ಮೀಟ್ತೀರಿ, ಇಲ್ಲಿ ಎರಡೂ ಒಮ್ಮೆಲೆ.

ಕೊಯ್ಯನ್ನೂದಕ್ಕ: ತಂಬೂರಿ ಮೊಳಗ್ಬೇಕು, ಇದು ಮೊಳಗಬಾರ್ದು. ಒಂದು ಮುಗದ ಕೂಡ್ಲೆ ಚಿವುಟಿದ ಆ ಎರಡೇ ಬೆರಳನ್ನ ತಿರುಗಿ ತಂತಿ ಮ್ಯಾಲೆ ಇಟ್ಟು ಸುಮ್ಮನಿರಿಸ್ರಿ. ಒತ್ತಿದ ಸ್ವರಕ್ಕ ಎಡಗೈ ಬೆರಳನ್ನ ಫ್ರೆಟ್ಟಿನಿಂದ ಎತ್ತಿದ್ರೂ ತಂತಿಯಿಂದ ಬಿಡಬ್ಯಾಡ್ರಿ.

ಮೆಟ್ಟಿಲ_ಕೆಳಗೆ:

ಲಾರಿ ವಿಷಯ ಯಾರೂ ಹೇಳ್ಲೇ ಇಲ್ಲವಲ್ಲ ಮಾರಾಯ್ರೆ. ಅದು ರೋಲಿಂಗ್ ಸ್ಟೋನ್ಸ್ ತಂಡದ ಸಂಚಾರಿ ಸ್ಟುಡಿಯೋ. ಯೋಚನೆ ಅವರ ಪಿಯಾನೋ ವಾದಕ ಇಯಾನ್ ಸ್ಟೂವರ್ಟ್ ಅವರದ್ದು: ಗಂಟೆಗಿಷ್ಟು ಅಂತ ಸ್ಟುಡಿಯೋಗೆ ಬಾಡಿಗೆ ಕೊಡೋ ಬದಲು ಹೀಲಿಯೋಸ್ ಮಿಕ್ಸರನ್ನು (ಮೈಕುಗಳ ಸದ್ದು ಬೆರೆಸುವ ಯಂತ್ರ) ಲಾರಿಯೊಳಗೆ ಕೂರಿಸಿ, ಎಲ್ಲಿ ಬೇಕೋ ಅಲ್ಲಿ ನಿಲ್ಲಿಸಿ, ಮನೆಯೊಳಗಿಂದ ಮೈಕಿನ ಕೇಬಲ್ ಎಳೆದುಕೊಳ್ಳುವುದು. ತಮಗೆ ಬೇಡದಾಗ ಬೇರೆಯವರಿಗೆ ಬಾಡಿಗೆಗೂ ಕೊಡ್ತಿದ್ದರು. 1971ರ ಬೇಸಿಗೆಯಲ್ಲಿ ಅದು ಫ್ರಾನ್ಸಿನ ದಕ್ಷಿಣ ಕರಾವಳಿಯ ನೆಲ್‌ಕೋಟ್ ಬಂಗಲೆ ಮುಂದೆ ಸ್ಟೋನ್ಸ್ ತಂಡದ ‘ಎಕ್ಸೈಲ್ ಆನ್ ಮೇನ್ ಸ್ಟ್ರೀಟ್’ ಆಲ್ಬಮ್ಮಿಗೆ ನಿಂತಿತ್ತು, ನೆಲಮಾಳಿಗೆಯ ಸೆಕೆಗೆ ಗಿಟಾರುಗಳ ಶ್ರುತಿ ನಿಲ್ತಿರಲಿಲ್ಲ. ಡಿಸೆಂಬರಿಗೆ ಮಾಂಟ್ರೋ. 1975ರ ಜುಲೈಯಲ್ಲಿ ಲಂಡನ್ನಿನ ಲೈಸಿಯಂನಲ್ಲಿ ಬಾಬ್ ಮಾರ್ಲೆ: ‘ನೋ ವುಮನ್ ನೋ ಕ್ರೈ’ ಅಂದ ಕೂಡಲೇ ಎಲ್ಲರಿಗೂ ನೆನಪಾಗುವ ಆ ಲೈವ್ ರೂಪ ಹಿಡಿದದ್ದೂ ಇದೇ ಲಾರಿ. ಈಗ ಕೆನಡಾದ ಕ್ಯಾಲ್ಗರಿಯ ರಾಷ್ಟ್ರೀಯ ಸಂಗೀತ ಕೇಂದ್ರದಲ್ಲಿದೆ.

ನನಗೆ ಕೇಳಿದರೆ ಅದರ ದೊಡ್ಡ ಬೇಟೆ ಲೆಡ್ ಜೆಪ್ಪೆಲಿನ್‌ನ ‘ವೆನ್ ದ ಲೆವೀ ಬ್ರೇಕ್ಸ್’. ಏರಿ ಒಡೆದಾಗ ಅಂತ. 1927ರ ಮಿಸಿಸಿಪ್ಪಿ ನೆರೆಯ ಮೇಲೆ ಕಾನ್ಸಾಸ್ ಜೋ ಮೆಕಾಯ್ ಮತ್ತು ಮೆಂಫಿಸ್ ಮಿನ್ನಿ 1929ರಲ್ಲಿ ರೆಕಾರ್ಡ್ ಮಾಡಿದ ಬ್ಲೂಸ್ ಅದು. ನೆರೆಯ ವರ್ಷ, 1927ರ ಏಪ್ರಿಲ್ 21ರಂದು, ಮೌಂಡ್ಸ್ ಲ್ಯಾಂಡಿಂಗ್‌ನಲ್ಲಿ ನದಿಯ ಏರಿ ಕಿತ್ತುಹೋಗಿತ್ತು. ಜೆಪ್ಪೆಲಿನ್ ಅದನ್ನು ಹಿಡಿದದ್ದು ಇಂಗ್ಲೆಂಡಿನ ಹೆಡ್ಲಿ ಗ್ರೇಂಜಿನಲ್ಲಿ, 1795ರಲ್ಲಿ ಬಡವರ ದುಡಿಮೆ ಮನೆಯಾಗಿ ಕಟ್ಟಿದ ಕಟ್ಟಡ. ತಂಡದ ಡ್ರಮ್ಮರ್ ಬಾನ್ಹಮ್ ಅವರ ಡ್ರಮ್ಸ್ ಕೆಳಗೆ ಹಜಾರದಲ್ಲಿ, ರೆಕಾರ್ಡಿಂಗ್ ಎಂಜಿನಿಯರ್ ಆ್ಯಂಡಿ ಜಾನ್ಸ್ ಇಟ್ಟ ಬೇಯರ್‌ಡೈನಾಮಿಕ್ ಎಂ160 ರಿಬ್ಬನ್ ಮೈಕು ಎರಡೇ ಎರಡು, ಮೆಟ್ಟಿಲ ಮೇಲಿನ ಮಹಡಿಯಲ್ಲಿ. ಬಾಸ್ ಡ್ರಮ್ಮಿಗೆ ಅಂತ ಬೇರೆ ಮೈಕೇ ಇಲ್ಲ. ಆ ಸದ್ದನ್ನು ಕಂಪ್ರೆಸರಿನಲ್ಲಿ (ಜೋರು–ಮೆಲು ಸದ್ದಿನ ಅಂತರ ಕಮ್ಮಿ ಮಾಡೋ ಯಂತ್ರ) ಗಟ್ಟಿಯಾಗಿ ಹಿಂಡಿ, ಬಿನ್ಸನ್ ಎಕೋರೆಕ್ ಅನ್ನೋ ಇಟಲಿಯ ಪ್ರತಿಧ್ವನಿ ಯಂತ್ರಕ್ಕೂ ಹಾಯಿಸಿದ್ದಾರೆ. ಆ ಯಂತ್ರದಲ್ಲಿ ಟೇಪಿನ ಬದಲು ತಿರುಗುವ ಕಾಂತೀಯ ಚಕ್ರ ಇರುತ್ತೆ. ಕೊನೆಗೆ ಟೇಪನ್ನೇ ನಿಧಾನ ಮಾಡಿದರು. ವೇಗ ಶೇ. 6ರಷ್ಟು ಇಳಿಸಿದರೆ ಶ್ರುತಿ ಹೆಚ್ಚುಕಮ್ಮಿ ಒಂದು ಫ್ರೆಟ್ಟಿನಷ್ಟು ಇಳಿಯುತ್ತೆ, ಡ್ರಮ್ಮುಗಳು ಇದ್ದದ್ದಕ್ಕಿಂತ ದೊಡ್ಡದಾಗಿ ಕೇಳುತ್ತವೆ.

ಅಪಾರ್ಟ್‌ಮೆಂಟ್ ಮೆಟ್ಟಿಲಲ್ಲಿ ಇದನ್ನು ಮಾಡೋಕೆ ಹೊರಡೋರಿಗೆ: ಮೊದಲು ಕೆಡೋದು ಸಿಂಬಲ್ (ಡ್ರಮ್ಸಿನ ಲೋಹದ ತಾಟು) ಸದ್ದು. ಗೋಡೆಯಿಂದ ಗೋಡೆಗೆ ಹೊಡೆದು ಉಳಿದದ್ದನ್ನೆಲ್ಲ ನುಂಗುತ್ತೆ, ಕಂಪ್ರೆಸರ್ ಹಾಕಿದರೆ ಇನ್ನೂ ಮೇಲೆ ಬರುತ್ತೆ. ರಿಬ್ಬನ್ ಮೈಕು ಆ ಚೂಪನ್ನು ತಾನೇ ಸ್ವಲ್ಪ ಮೊಂಡು ಮಾಡುತ್ತೆ. ಕಂಡೆನ್ಸರ್ ಮೈಕಾದರೆ ಸಿಂಬಲ್ಲಿಗೆ ಅರ್ಧ ಬಲ, ಸ್ನೇರ್ ಡ್ರಮ್ಮಿಗೆ ಪೂರ್ತಿ ಬಲ ಅಂತ ಡ್ರಮ್ಮರಿಗೇ ಹೇಳಿಬಿಡಿ. ಆಮೇಲೆ ಸ್ನೇರಿನಿಂದ ಎರಡೂ ಮೈಕಿಗೆ ದಾರ ಹಿಡಿದು ಅಳೆದು ದೂರ ಸಮ ಮಾಡಿ. ಒಂದು ಹತ್ತಿರ, ಒಂದು ದೂರ ಆದರೆ ಎರಡನ್ನೂ ಸೇರಿಸಿದಾಗ ಸ್ನೇರಿನ ಮೈಯೇ ಹೋಗಿ ತಗಡು ಬಡಿದ ಹಾಗೆ ಕೇಳುತ್ತೆ.